ಗೃಹಪ್ರವೇಶದ ಹಸುವಿಗೆ ಲಿವರ್ ಹುಳು

ದನದ ಡಾಕ್ಟರಾದವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ಡಬ್ಬಿಯಲ್ಲಿ ತುಂಬಿಕೊಂಡು ಆಸ್ಪತ್ರೆಗೇ ಬರುತ್ತವೆ. ಕೆ.ಆರ್. ಪುರದ ಕಡೆ ಈಗ ದನ ಎಲ್ಲಿವೆ ಅಂತ ಕೇಳಬೇಡಿ. ಹೊಲ ಹೋಗಿ ಪಿ.ಜಿ. ಕಟ್ಟಡ ಎದ್ದಿರುವ ಮನೆಗಳಲ್ಲೂ ಕೆಳಗಿನ ಪಾರ್ಕಿಂಗಿನಲ್ಲಿ, ಎರಡು ಕಾರುಗಳ ನಡುವೆ, ಒಂದು ಹಸು ಮೆಲುಕು ಹಾಕುತ್ತಿರುತ್ತದೆ. ಇಲ್ಲಿ ಹೇಳುವುದೆಲ್ಲ ದೊಡ್ಡನೆಕ್ಕುಂದಿಯ ಅಂಥದೊಂದು ಹಸುವಿನ ಕಥೆ.

೧. ಒಳ್ಳೇ ಸಗಣಿ

ಹಸು ಸೊರಗಿತ್ತು. ಗದ್ದದ ಕೆಳಗೆ ನೀರು ತುಂಬಿ ಚೀಲದ ಹಾಗೆ ಜೋತಿತ್ತು. ಕೆರೆಯಂಚಿನ ಹುಲ್ಲು ಮೇಯುವ ದನವಾದ್ದರಿಂದ ನನಗೆ ಲಿವರ್ ಹುಳುವಿನ ಮೇಲೆ ಅನುಮಾನ ಬಂತು. ಎಲೆಯಂತೆ ಚಪ್ಪಟೆಯಾಗಿರುವ ಈ ಹುಳು ಪಿತ್ತಜನಕಾಂಗದಲ್ಲಿ ಸಂಸಾರ ಹೂಡುತ್ತದೆ. ಅದರ ಮೊಟ್ಟೆ ಸಗಣಿಯಲ್ಲಿ ಹೊರಗೆ ಬರುತ್ತದೆ. ಸಗಣಿ ತನ್ನಿ ಅಂದೆ. ಹಸುವಿನ ಯಜಮಾನರು ಫಳಫಳ ಹೊಳೆಯುವ ಸ್ಟೀಲ್ ಡಬ್ಬಿಯಲ್ಲಿ ತಂದರು. ಸೂಕ್ಷ್ಮದರ್ಶಕದಲ್ಲಿ ಎಷ್ಟು ನೋಡಿದರೂ ಒಂದು ಮೊಟ್ಟೆಯೂ ಕಾಣಲಿಲ್ಲ.

"ಇದು ನಿಮ್ಮ ಹಸೂದೇ ತಾನೆ?"

"ಅಯ್ಯೋ, ನಮ್ದು ಭೇದಿ ಸಾರ್, ವಾಸ್ನೆ ಬೇರೆ. ಡಾಕ್ಟ್ರ ಮುಂದೆ ಅದನ್ನ ಹೆಂಗೆ ಇಡೋದು? ಪಕ್ಕದ್ಮನೇಲಿ ಕೇಳಿ ಒಳ್ಳೇದು ಈಸ್ಕೊಂಡ್ ಬಂದೆ."

೨. ಅರ್ಜಿ ನಮೂನೆ

ಮಾರನೇ ದಿನ ಬಂದ ಅಸಲಿ ಸಗಣಿಯಲ್ಲಿ ಮೊಟ್ಟೆಗಳ ಜಾತ್ರೆಯೇ ಇತ್ತು. ಯಜಮಾನರ ಹೆಂಡತಿಯೂ ಜೊತೆಗೆ ಬಂದಿದ್ದರು. ಇನ್ನು ಮೂರು ವಾರಕ್ಕೆ ಇಂದಿರಾನಗರದಲ್ಲಿ ಮಗಳ ಫ್ಲಾಟಿನ ಗೃಹಪ್ರವೇಶ, ನಾಲ್ಕನೇ ಮಹಡಿ. ಹೊಸ ಮನೆಗೆ ಈ ಹಸುವೇ ಮೊದಲು ಕಾಲಿಡಬೇಕು ಅಂತ ಆಕೆಯ ಆಸೆ.

"ಬಾಡಿಗೆಗೆ ಹಸು ಸಿಗುತ್ತೆ ಬಿಡೇ," ಅಂದರು ಯಜಮಾನರು.

"ಮಗಳ ಬಾಣಂತನಕ್ಕೆ ಹಾಲು ಕೊಟ್ಟಿದ್ದು ಇದು. ಬಾಡಿಗೆ ಹಸು ಬಂದ್ರೆ ನಾನು ಬರಲ್ಲ," ಅಂತ ಆಕೆ ಕಣ್ಣೊರೆಸಿಕೊಂಡರು. ನನಗೂ ಪಾಪ ಅನಿಸಿತು. ಆದರೆ ಅಪಾರ್ಟ್‌ಮೆಂಟಿನ ಸಂಘದವರು ಡಾಕ್ಟರ ಸರ್ಟಿಫಿಕೇಟ್ ಕೇಳಿದ್ದರು. ನಿಲ್ಲಲಾರದಷ್ಟು ಸೊರಗಿದ ಹಸುವನ್ನು ಲಿಫ್ಟ್ ಹತ್ತಿಸಲು ನಾನು ಹೇಗೆ ಸಹಿ ಹಾಕಲಿ? ಗದ್ದದ ಬಾವು ಇಳಿದರೆ ಮಾತ್ರ ಅಂತ ಹೇಳಿ ಔಷಧಿ ಕುಡಿಸಿದೆ.

ಸಂಘದವರು ಕೊಟ್ಟಿದ್ದು ಸಾಕುಪ್ರಾಣಿಗಳ ಒಂದೇ ನಮೂನೆ, ನಾಯಿಗಾಗಿ ಮಾಡಿಸಿದ್ದು. 'ಬೊಗಳುವ ಅಭ್ಯಾಸವಿದೆಯೇ?' ಎಂಬ ಪ್ರಶ್ನೆಯ ಮುಂದೆ ಯಜಮಾನರು ಬಹಳ ಹೊತ್ತು ಯೋಚಿಸಿದರು. ನಾಳೆ ಮಾತು ಬರಬಾರದಲ್ಲ. 'ಈವರೆಗೆ ಇಲ್ಲ' ಎಂದು ಬರೆದರು.

೩. ಇನ್ನೊಂದು ಹಸು

"ಈ ಹುಳು ಮನುಷ್ಯರಿಗೂ ಬರುತ್ತಾ ಸಾರ್?" ಅಂತ ಔಷಧಿ ಕುಡಿಸಿದ ದಿನವೇ ಯಜಮಾನರು ಕೇಳಿದ್ದರು.

"ಅಪರೂಪ. ಕೆರೆಯಂಚಿನ ಸೊಪ್ಪನ್ನ ಹಸಿಯಾಗಿ ತಿಂದ್ರೆ ಬರಬಹುದು," ಅಂದಿದ್ದೆ. ಅವರ ಮುಖ ಸಪ್ಪಗಾಗಿತ್ತು.

ಎರಡು ದಿನ ಬಿಟ್ಟು ಇನ್ನೊಂದು ಡಬ್ಬಿ ಬಂತು, ತೀರ ಚಿಕ್ಕದು. "ನೆಂಟರ ಮನೆ ಹಸೂದು ಸಾರ್, ಸ್ವಲ್ಪ ನೋಡ್ಬಿಡಿ." ಮುಚ್ಚಳ ತೆಗೆದೆ. ತಕ್ಷಣ ಮುಚ್ಚಿದೆ. ಮನುಷ್ಯರ ಡಾಕ್ಟರು ಬೇರೆ ಇದ್ದಾರೆ ಅಂತ ಹೇಳುವ ಮೊದಲು ಒಂದು ಪ್ರಶ್ನೆ ಕೇಳದೆ ಇರಲಾಗಲಿಲ್ಲ.

"ಈ ಹಸು ನಿನ್ನೆ ಮೆಣಸಿನಕಾಯಿ ಬಜ್ಜಿ ತಿಂದಿತ್ತಾ?"

ಯಜಮಾನರು ಗೋಡೆಯ ಕ್ಯಾಲೆಂಡರ್ ನೋಡುತ್ತ ಹೇಳಿದರು: "ಎರಡೇ ಎರಡು ಸಾರ್."

೪. ನಾಲ್ಕನೇ ಮಹಡಿ

ಮೂರು ವಾರದಲ್ಲಿ ಬಾವು ಇಳಿಯಿತು, ಹಸು ಮೇವಿಗೆ ಬಾಯಿ ಹಾಕಿತು, ನಾನು ಸಹಿ ಹಾಕಿದೆ. ಹುಳು ಪೂರ್ತಿ ಹೋಗಿದೆಯೋ ಇಲ್ಲವೋ ನೋಡಲು ಇನ್ನೊಮ್ಮೆ ಸಗಣಿ ಬೇಕಿತ್ತು. ಗೃಹಪ್ರವೇಶಕ್ಕೆ ನನ್ನನ್ನೂ ಕರೆದಿದ್ದರಿಂದ ಜೇಬಿನಲ್ಲೊಂದು ಡಬ್ಬಿ, ಚಮಚ ಇಟ್ಟುಕೊಂಡು ರೇಷ್ಮೆ ಪಂಚೆ ಉಟ್ಟು ಹೋದೆ.

ಹಸು ಸರ್ವಿಸ್ ಲಿಫ್ಟಿನಲ್ಲಿ ಗಂಭೀರವಾಗಿ ಮೇಲೆ ಬಂತು. ಹೊಸ್ತಿಲು ದಾಟಿ ಒಳಗೆ ಕಾಲಿಟ್ಟಾಗ ಯಜಮಾನರ ಹೆಂಡತಿ ಅತ್ತೇಬಿಟ್ಟರು. ಹಸು ನಾಲ್ಕು ಹೆಜ್ಜೆ ನಡೆದು, ಹೊಸ ಮಾರ್ಬಲ್ಲಿನ ಮೇಲೆ ಸಗಣಿ ಹಾಕಿತು. "ಶುಭ, ಶುಭ!" ಅಂತ ಎಲ್ಲರೂ ಕೂಗಿದರು. ಅವರೆಲ್ಲರಿಗಿಂತ ಹೆಚ್ಚು ಸಂತೋಷ ನನಗೆ. ಎಷ್ಟು ಗಟ್ಟಿ ಸಗಣಿ! ಮಂಡಿಯೂರಿ ಕೂತು, ಬಗ್ಗಿ, ಹತ್ತಿರದಿಂದ ನೋಡಿ, ಎರಡು ಸಲ ತಲೆಯಾಡಿಸಿ, ಒಂದು ಚಮಚ ಡಬ್ಬಿಗೆ ಹಾಕಿಕೊಂಡೆ. ಮಧ್ಯಾಹ್ನ ಪರೀಕ್ಷಿಸಿದಾಗ ಅದರಲ್ಲಿ ಒಂದು ಮೊಟ್ಟೆಯೂ ಇರಲಿಲ್ಲ. ಆದರೆ ಅಷ್ಟರೊಳಗೆ ಆ ನಡುಮನೆಯಲ್ಲಿ ಆಗಬಾರದ್ದು ಆಗಿಹೋಗಿತ್ತು.

ಎದ್ದು ತಿರುಗಿದರೆ ನನ್ನ ಹಿಂದೆ ಸಾಲು. ಹಿರಿಯರೊಬ್ಬರು ಮಂಡಿಯೂರಿ, ಬಗ್ಗಿ ನೋಡಿ, ಎರಡು ಸಲ ತಲೆಯಾಡಿಸಿದರು. ಅವರ ಹಿಂದಿನವರು ಆಗಲೇ ಪಂಚೆ ಎತ್ತಿಕಟ್ಟುತ್ತಿದ್ದರು. ಯಾರೋ ಚಮಚ ತರಲು ಅಡುಗೆಮನೆಗೆ ಓಡಿದರು. ಇದು ಯಾವ ಶಾಸ್ತ್ರ ಅಂತ ಎಲ್ಲರೂ ಪುರೋಹಿತರ ಮುಖ ನೋಡಿದರು. ಅವರು ಜನ್ಮದಲ್ಲಿ ಇಂಥದ್ದು ಕಂಡವರಲ್ಲ. ಆದರೆ ಗೊತ್ತಿಲ್ಲ ಅಂತ ಒಪ್ಪಿಕೊಳ್ಳುವವರೂ ಅಲ್ಲ. ಗಂಟಲು ಸರಿಮಾಡಿಕೊಂಡು ಮೈಕ್ ಹಿಡಿದರು.

"ನೂಕುನುಗ್ಗಲು ಬೇಡ. ಮೊದಲು ಹೆಣ್ಣಿನ ಕಡೆಯವರು, ಆಮೇಲೆ ಗಂಡಿನ ಕಡೆಯವರು."