ಬೆಲೆ ಏರಬಹುದಾ ಎಂದು ಕೇಳಲು ಹೋದೆ

ಇಂಥವು ನನಗೇ ಯಾಕೆ ಆಗುತ್ತವೋ ಗೊತ್ತಿಲ್ಲ, ಆದರೆ ಆಗುತ್ತಲೇ ಇರುತ್ತವೆ. ಮೊದಲು ನಾನು ಯಾರು ಅಂತ ಹೇಳಿಬಿಡುತ್ತೇನೆ. ಹೇಳದಿದ್ದರೆ ಮುಂದಿನದು ಅರ್ಥವಾಗದೇ ಹೋದೀತು ಅನ್ನುವ ಭಯ. ದಾವಣಗೆರೆಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಸಂಶೋಧನೆ ಕೇಂದ್ರ ಬ್ಯಾಂಕಿನ ಬಗ್ಗೆ. ಕೇಂದ್ರ ಬ್ಯಾಂಕು ಅಂದರೆ ನಾವು ನೀವು ಖಾತೆ ತೆರೆಯುವ ಬ್ಯಾಂಕಲ್ಲ, ಎಲ್ಲ ಬ್ಯಾಂಕುಗಳ ಹಿರಿಯಣ್ಣ. ನೋಟು ಹೊರಡಿಸುವುದು, ಬಡ್ಡಿ ಏರಿಸಿ ಇಳಿಸಿ ಬೆಲೆಗಳನ್ನು ಹತೋಟಿಯಲ್ಲಿಡುವುದು ಅದರ ಕೆಲಸ. (ತರಗತಿಯಲ್ಲಿ ಇಷ್ಟು ಹೇಳಲು ಒಂದು ತಿಂಗಳು ತೆಗೆದುಕೊಳ್ಳುತ್ತೇನೆ.)

ಕಳೆದ ವರ್ಷ ನನಗೆ ಪ್ರೊಫೆಸರ್ ಹುದ್ದೆಯ ಸಂದರ್ಶನವಿತ್ತು. ಸಹ ಪ್ರಾಧ್ಯಾಪಕನಾಗಿಯೇ ತಲೆ ಬೆಳ್ಳಗಾಗಿತ್ತು. ಈ ಸಂದರ್ಶನ ತಪ್ಪಿದರೆ ಹಾಗೇ ನಿವೃತ್ತಿ. ಸಂದರ್ಶನಕ್ಕೆ ಒಂದು ಹೊಸ ಸಮೀಕ್ಷೆ ಬೇಕಾಗಿತ್ತು. ಬೆಲೆ ಏರುತ್ತದೆ ಅಂತ ಜನ ನಂಬಿದರೆ ಸಾಕು, ಬೆಲೆ ನಿಜಕ್ಕೂ ಏರುತ್ತದೆ ಅನ್ನುವುದು ನಮ್ಮ ಶಾಸ್ತ್ರದ ಮಾತು. ಹಾಗಾಗಿ ನನ್ನ ಪ್ರಶ್ನೆ ಒಂದೇ: "ಮುಂದಿನ ವರ್ಷ ಬೆಲೆ ಎಷ್ಟು ಏರಬಹುದು ಅನಿಸುತ್ತೆ?"

ಮೊದಲ ಮನೆ

ನಾವಿರುವ ಕೆ.ಬಿ. ಬಡಾವಣೆಯಲ್ಲೇ ಶುರು ಮಾಡಿದೆ. ಪಕ್ಕದ ಮನೆಯ ಯಜಮಾನಿ ಪ್ರಶ್ನೆಯನ್ನು ಪೂರ್ತಿ ಕೇಳಲೇ ಇಲ್ಲ. "ಬಂದಿದ್ದು ಚಲೋ ಆತು, ತಡೀರಿ," ಅಂತ ಒಳಗೆ ಹೋಗಿ, ಪ್ಯಾಂಟಿನ ಜೊತೆ ವಾಷಿಂಗ್ ಮಷೀನಿನಲ್ಲಿ ತೊಳೆದುಹೋದ ನೂರರ ನೋಟೊಂದನ್ನು ತಟ್ಟೆಯಲ್ಲಿಟ್ಟುಕೊಂಡು ಬಂದರು.

"ಇದನ್ನ ಬದಲಿ ಮಾಡಿ ಕೊಡ್ರಿ."

"ನಾನು ನೋಟು ಬದಲಿಸೋದಿಲ್ಲಮ್ಮ. ಬಡ್ಡಿದರದ ಬಗ್ಗೆ ಓದ್ತೀನಿ, ಅಷ್ಟೇ."

"ಓದ್ರಿ, ಯಾರು ಬ್ಯಾಡ ಅಂದ್ರು? ಇದನ್ನ ಕೊಟ್ಟು ಓದ್ರಿ."

ಬ್ಯಾಂಕಿನ ಬಗ್ಗೆ ಓದುವುದಕ್ಕೂ ಬ್ಯಾಂಕಿನಲ್ಲಿ ಇರುವುದಕ್ಕೂ ಇರುವ ವ್ಯತ್ಯಾಸವನ್ನು ನಾನು ವಿವರಿಸುತ್ತಿದ್ದೆ. ಕಾಂಪೌಂಡಿನ ಆಚೆಯಿಂದ ನನ್ನ ಹೆಂಡತಿ ಹೊಸ ನೋಟು ಚಾಚಿದಳು. "ತಗೋರಿ. ಇವರ ವಿವರಣೆ ಕೇಳೋದಕ್ಕಿಂತ ಇದು ಸಸ್ತಾ."

ಸಂಜೆ ಹೊತ್ತಿಗೆ ಹರಿದ ನೋಟು ಹಿಡಿದವರು ನಮ್ಮ ಗೇಟಿನ ಮುಂದೆ ಸಾಲು ನಿಂತಿದ್ದರು. ನಾನು ಹೋಗಿ ಬಾಗಿಲು ತೆಗೆದರೆ ಎಲ್ಲರದೂ ಒಂದೇ ಮಾತು: "ಮೇಡಂ ಅದಾರೇನ್ರಿ?"

ಅತ್ತೆಯ ಸಂದೇಹ

ಕಡರನಾಯಕನಹಳ್ಳಿಯಲ್ಲಿ ಹೆಂಡತಿಯ ತವರು. ಅಲ್ಲಾದರೂ ಉತ್ತರ ಸಿಕ್ಕೀತು ಅಂತ ಹೋದೆ. ಆದರೆ ಅದೇ ವಾರ ಕೇಂದ್ರ ಬ್ಯಾಂಕು ಬಡ್ಡಿ ಏರಿಸಿತ್ತು, ನನ್ನ ಭಾವಮೈದುನನ ಮನೆ ಸಾಲದ ಕಂತೂ ಏರಿತ್ತು. ನಾನಿನ್ನೂ ಚಪ್ಪಲಿ ಬಿಟ್ಟಿರಲಿಲ್ಲ.

"ಯಾಕ ಏರಿಸಿದ್ರಿ ಮಾವಾ?" ಅಂದ.

"ನಾನೆಲ್ಲಿ ಏರಿಸಿದೆನಪ್ಪ?"

"ಒಂದು ಮಾತು ಹೇಳಿ ತಡೀಬೌದಿತ್ತಲ್ಲ."

"ಅವರು ನನ್ನ ಮಾತು ಕೇಳಲ್ಲ. ನಾನು ಯಾರು ಅಂತಾನೇ ಅವರಿಗೆ ಗೊತ್ತಿಲ್ಲ."

ಅಷ್ಟರವರೆಗೂ ಅವರೇಕಾಯಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತಿದರು. "ಮದುವಿ ಆದಾಗಿಂದ ಅವರ ಬಗ್ಗೇನೇ ಓದಾಕತ್ತೀರಿ. ಅವರಿಗೆ ನಿಮ್ಮ ಗುರುತೇ ಇಲ್ಲೇನ್ರಿ?"

ನನ್ನ ಸಂಶೋಧನೆಯ ಬಗ್ಗೆ ಇಷ್ಟು ಚಿಕ್ಕದಾದ, ಇಷ್ಟು ಸರಿಯಾದ ವಿಮರ್ಶೆ ಯಾವ ಪತ್ರಿಕೆಯಲ್ಲೂ ಬಂದಿಲ್ಲ.

ಮಿರ್ಚಿ

ಪರಿಚಯದವರ ಹತ್ತಿರ ಇದು ಆಗದ ಕೆಲಸ ಅಂತ ಆನೆಕೊಂಡದ ಕಡೆ, ಮಂಡಕ್ಕಿ ಮಿರ್ಚಿ ಮಾರುವ ಹೆಂಗಸಿನ ಹತ್ತಿರ ಹೋದೆ. ಪ್ರಶ್ನೆ ಕೇಳಿದ್ದೇ ತಡ, ಆಕೆ ಸೌಟನ್ನು ಎಣ್ಣೆಯ ಮೇಲೆ ಹಿಡಿದಿದ್ದು ಹಿಡಿದಂಗೇ ನಿಂತಳು.

"ಯಾಕ ಕೇಳ್ತೀರಿ ಸಾರ್?"

"ಸುಮ್ನೆ, ಸಂಶೋಧನೆಗೆ."

"ಕಾಲೇಜಿನವರು ಸುಮ್ನೆ ಬರ್ತಾರೇನ್ರಿ? ಏನೋ ಸುದ್ದಿ ಐತೆ. ಬಾಯಿ ಬಿಡ್ರಿ."

"ಏನೂ ಇಲ್ಲಮ್ಮಾ, ದೇವರಾಣೆ."

ಆಕೆ ಪಕ್ಕದ ಅಂಗಡಿಯವನಿಗೆ ಕೂಗಿದಳು: "ಆಣೆ ಇಡಾಕತ್ತಾರ ಅಂದ್ರೆ ದೊಡ್ಡದೇ ಐತೆ ಕಣೋ!"

ಮರುದಿನ ಆ ಸಾಲಿನ ಎಲ್ಲ ಅಂಗಡಿಗಳಲ್ಲೂ ಪ್ಲೇಟಿಗೆ ಐದು ರೂಪಾಯಿ ಜಾಸ್ತಿ. ನಾನು ಗಾಬರಿಯಿಂದ, ಇದು ಅನ್ಯಾಯ, ನಾನು ಬರೀ ಕೇಳಿದ್ದು ಅಂದೆ. ಆಕೆ ಪ್ಲೇಟಿಗೆ ಇನ್ನೊಂದು ಮಿರ್ಚಿ ಹಾಕಿದಳು. "ನೀವ್ಯಾಕೆ ಹೆದರ್ತೀರಿ? ನೀವು ಹಳೇ ರೇಟೇ ಕೊಡ್ರಿ. ಸುದ್ದಿ ತಂದವರು."

ಹರಿಹರದ ಕುರ್ಚಿ

ಊರಿನಲ್ಲಿ ಹೆಸರು ಕೆಟ್ಟಿತು, ಸಂದರ್ಶನ ಹತ್ತಿರ ಬಂತು. ನನ್ನ ಗುರುತಿಲ್ಲದ ಊರು ಬೇಕು ಅಂತ ಬಸ್ಸು ಹತ್ತಿ ಹರಿಹರಕ್ಕೆ ಹೋದೆ. ಒಂದು ಕಿರಾಣಿ ಅಂಗಡಿಯ ಸಾಹುಕಾರರನ್ನು ಕೇಳಿದೆ. ಅವರು ಬಾಯಿ ತೆರೆಯುವ ಮೊದಲೇ ನನ್ನ ಹಿಂದೆ ನಿಂತಿದ್ದ ಗಿರಾಕಿ, "ಏರ್ತತಂತಾ? ಹಂಗಾದ್ರೆ ಎಣ್ಣಿ ಇನ್ನೊಂದು ಡಬ್ಬಿ ಕಟ್ರಿ," ಅಂದ. ಅವನ ಹಿಂದಿನವಳು ಬೇಳೆ ಮೂಟೆಯನ್ನೇ ತೋರಿಸಿದಳು. ನಾನು, ಏರುತ್ತೆ ಅಂತ ಹೇಳಿಲ್ಲ, ಏರಬಹುದಾ ಅಂತ ಕೇಳಿದೆ ಅಷ್ಟೇ ಅಂತ ಬಿಡಿಸಿ ಹೇಳಿದೆ. ಬಿಡಿಸಿ ಹೇಳಿದಷ್ಟೂ ಸಕ್ಕರೆ ಖರ್ಚಾಯಿತು.

ಅಂಗಡಿ ಖಾಲಿಯಾದ ಮೇಲೆ ಸಾಹುಕಾರರು ನನಗೆ ಚಹಾ ತರಿಸಿದರು. "ಬರ್ರಿ, ಕೂಡ್ರಿ. ನಿಮ್ಮ ಪ್ರಶ್ನಿಗೆ ಉತ್ತರ ನಂಗೆ ಗೊತ್ತಿಲ್ಲ ಸರ್. ಆದ್ರೆ ನಾಳೆ ಸಂತಿ ಐತೆ, ಇದೇ ಹೊತ್ತಿಗೆ ಬಂದು ಇನ್ನೊಂದ್ಸಲ ಕೇಳ್ರಿ. ಸ್ವಲ್ಪ ಗಟ್ಟಿಯಾಗಿ. ನಿಮಗಂತ ಕುರ್ಚಿ ಹಾಕಿಸಿರ್ತೀನಿ."

ಸಂದರ್ಶನ

ಮೂವರು ಕೂತಿದ್ದರು. ಹೊರಗಿನಿಂದ ಬಂದಿದ್ದ ಹಿರಿಯ ಅಧ್ಯಕ್ಷರು ಕೇಳಿದರು: "ನಿಮ್ಮ ಸಮೀಕ್ಷೆಯ ಮುಖ್ಯ ಫಲಿತಾಂಶ ಏನು?"

ಸುಳ್ಳು ಹೇಳಲು ಬೇಕಾದಷ್ಟು ಅಂಕಿ ಅಂಶವೂ ನನ್ನ ಹತ್ತಿರ ಇರಲಿಲ್ಲ.

"ಸಾರ್, ನಾನು ಕೇಳಿದ ಕಡೆಯೆಲ್ಲ ಬೆಲೆ ಏರಿತು."

"ಕೇಳದ ಕಡೆ?"

"ಹಾಗೇ ಇತ್ತು ಸಾರ್."

ಸದಸ್ಯರಲ್ಲಿ ನಮ್ಮ ಊರಿನವರೊಬ್ಬರು ಮುಂದಕ್ಕೆ ಬಗ್ಗಿದರು. "ಅಂದ್ರೆ ಈ ಸಲ ಏರಿಸಿದ್ದು ನೀವೇನ್ರೀ?"

ನಾನು ಸಿದ್ಧಾಂತ ವಿವರಿಸಿದೆ. ಅವರ ಮುಖ ಇನ್ನಷ್ಟು ಗಂಟಾಯಿತು.

"ಮುಂದಿನ ಯೋಜನೆ?" ಅಂದರು ಅಧ್ಯಕ್ಷರು.

ಇಲ್ಲಾದರೂ ಉತ್ಸಾಹ ತೋರಿಸೋಣ ಅಂದುಕೊಂಡು, "ಸಮೀಕ್ಷೆಯನ್ನ ಇಡೀ ಜಿಲ್ಲೆಗೆ ವಿಸ್ತರಿಸಬೇಕು ಅಂತಿದೀನಿ ಸಾರ್," ಅಂದೆ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ನನ್ನನ್ನು ಹೊರಗೆ ಕೂರಲು ಹೇಳಿದರು. ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಎಲ್ಲ ಮುಗಿಯಿತು, ಹೆಂಡತಿಗೆ ಹೆಂಗೆ ಹೇಳೋದು ಅಂತ ಯೋಚಿಸುತ್ತಿದ್ದಾಗ ನಮ್ಮ ಊರಿನ ಸದಸ್ಯರ ದನಿ ಕೇಳಿಸಿತು. "ಏನ್ ಮಾಡೋದು ಸರ್? ಕೊಡೋದೋ, ಬ್ಯಾಡೋ?"

"ತಕ್ಷಣ ಕೊಟ್ಟುಬಿಡಿ," ಅಂದರು ಅಧ್ಯಕ್ಷರು. "ಪ್ರೊಫೆಸರ್ ಆದಮೇಲೆ ಯಾರು ಸಂಶೋಧನೆ ಮಾಡ್ತಾರೆ? ಜಿಲ್ಲೆ ಉಳ್ಕೊಳ್ಳುತ್ತೆ."