ಮಾತಿಲ್ಲದ ಪಾತ್ರದ ತಾಲೀಮು

ನಮ್ಮ ಸೋದರಮಾವನಿಗೆ ದೇವರು ಎರಡು ಕಿವಿ ಕೊಟ್ಟಿರುವುದು ಕನ್ನಡಕ ಸಿಕ್ಕಿಸಿಕೊಳ್ಳಲಿಕ್ಕೆ ಮಾತ್ರ. ಇದು ನನ್ನ ಮಾತಲ್ಲ, ಅವರ ಜೊತೆ ನಲವತ್ತು ವರ್ಷ ಸಂಸಾರ ಮಾಡಿದ ನಮ್ಮತ್ತೆಯ ಮಾತು. ನಂಬದವರಿಗೆ ಪುರಾವೆಯೂ ಉಂಟು. ಒಮ್ಮೆ ಅತ್ತೆ ಹಟ ಹಿಡಿದು ಮಾವನನ್ನು ಚಿತ್ರದುರ್ಗದ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಮಾವನ ಬೆನ್ನ ಹಿಂದೆ ನಿಂತು ಪಿಸುಗುಟ್ಟಿದರು, ಕಿವಿಗೆ ಯಂತ್ರ ಸಿಕ್ಕಿಸಿದರು, ಏನೇನೋ ಶಬ್ದ ಮಾಡಿದರು. ಎಲ್ಲವೂ ಕೇಳಿಸಿತು. “ಇವರ ಕಿವಿ ಹದಿನಾರರ ಹುಡುಗನ ಹಾಗಿದೆ ಅಮ್ಮಾ” ಎಂದುಬಿಟ್ಟರು.

“ಹಂಗಾದ್ರೆ ರೋಗ ನಂದೇ ಇರ್ಬೇಕು. ನನ್ನ ಬಾಯಿ ಒಂದಿಷ್ಟು ನೋಡ್ರಿ ಡಾಕ್ಟ್ರೆ” ಎಂದರು ಅತ್ತೆ.

ರೋಗ ಇಬ್ಬರದೂ ಅಲ್ಲ, ನಾಟಕದ್ದು. ಮಾವ ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ, ಹಿಂಡಿಯ ಅಂಗಡಿ ಇಟ್ಟವರು. ಸ್ವಂತ ಊರು ಪಕ್ಕದ ನನ್ನಿವಾಳ. ಅಲ್ಲಿ ಯುಗಾದಿಗೆ ಊರವರೇ ಬಣ್ಣ ಹಚ್ಚಿ ಆಡುವ ನಾಟಕದಲ್ಲಿ ಮಾವ ಕಾಯಂ ರಾಜ. ಶಿವರಾತ್ರಿ ಕಳೆದು ತಾಲೀಮು ಶುರುವಾಯಿತೋ, ಅವರ ತಲೆಯೊಳಗೆ ನಾಟಕದ ಮಾತುಗಳು ಗೋದಾಮಿನ ಚೀಲದಂತೆ ಸೂರಿನ ತನಕ ಪೇರಿಕೊಂಡುಬಿಡುತ್ತವೆ. ಹೊರಗಿನ ಮಾತಿಗೆ ಕಾಲಿಡಲು ಜಾಗವಿರುವುದಿಲ್ಲ. ಹಾಗಾದರೆ ಯುಗಾದಿ ಮುಗಿದ ಮೇಲೆ? ಆಗ ಹಳೆಯ ನಾಟಕಗಳ ಮಾತಿಗೆ ಹುಳ ಹಿಡಿಯದಂತೆ ತಿರುವಿಹಾಕುವ ಕೆಲಸ. ಒಟ್ಟಿನಲ್ಲಿ ಗೋದಾಮು ಖಾಲಿಯಾದ ದಿನವೇ ಇಲ್ಲ.

“ನಾನು ಹೇಳಿದ್ದು ಒಂದೇ ಒಂದು ಮಾತು, ಮೊದಲಿಂದ ಕೊನೀವರೆಗೂ ಪೂರ್ತಿ ಕೇಳಿಸ್ಕೊಳ್ಳಲಿ ಸಾಕು ಕಣೆ. ನಂಗೆ ಬಂಗಾರ ಬ್ಯಾಡ, ಬಳೆ ಬ್ಯಾಡ” ಎಂದು ಅತ್ತೆ ನನ್ನ ಹತ್ತಿರ ಹೇಳುತ್ತಲೇ ಇರುತ್ತಾರೆ. ನನ್ನ ಮನೆ ಅವರ ಹಿಂದಿನ ಬೀದಿಯಲ್ಲೇ. ಅವರ ಮಾತೆಲ್ಲ ಬಂದು ಬೀಳುವುದು ನನ್ನ ಕಿವಿಗೇ.

ಬೇರೆ ನಟರು ಒಂದು ಮೂಲೆಯಲ್ಲಿ ಕೂತು ಮಾತನ್ನು ಬಾಯಿಪಾಠ ಮಾಡುತ್ತಾರಂತೆ. ಮಾವನಿಗೆ ಕೂತರೆ ಪಾಠ ಹತ್ತುವುದಿಲ್ಲ, ನಿದ್ದೆ ಹತ್ತುತ್ತದೆ. “ಮಾತು ಅಂದ್ರೆ ಕಲ್ಲಿದ್ದಂಗೆ. ಯಾರಿಗಾದ್ರೂ ಬೀಸಿ ಒಗೀಬೇಕು, ಆವಾಗ್ಲೇ ಅದ್ರ ತೂಕ ತಿಳಿಯೋದು” ಎಂಬುದು ಅವರ ಸಿದ್ಧಾಂತ. ಹೀಗಾಗಿ ಅಂಗಡಿಗೆ ಬಂದವರಿಗೆಲ್ಲ ಏಟು. ಒಂದು ಸಲ ಮೊಳಕಾಲ್ಮೂರಿನ ಆಚೆ, ಆಂಧ್ರದ ಗಡಿಯ ಊರಿಂದ ಬಂದ ರೈತನೊಬ್ಬ ಹಿಂಡಿಯ ರೇಟು ಕೇಳಿದ. ಮಾವ ತಕ್ಕಡಿಯ ಪಕ್ಕದಿಂದ ಮೆಲ್ಲಗೆ ಎದ್ದು ನಿಂತು, “ಮೂಢಾ, ನನ್ನ ಸಿಂಹಾಸನದ ಮುಂದೆ ನಿಂತು ತಲೆಯೆತ್ತುವಷ್ಟು ಸೊಕ್ಕೇ ನಿನಗೆ?” ಎಂದು ಗುಡುಗಿದರು. ಆ ಪುಣ್ಯಾತ್ಮ ಹೆದರಲಿಲ್ಲ. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, “ಸಿಂಹಾಸನಂ ನಾಕು ವದ್ದು ಸಾಮೀ, ರೆಂಡು ಚೀಲ ಹಿಂಡಿ ಇಯ್ಯಿ ಚಾಲು” ಎಂದ. ಸಿಂಹಾಸನ ಅವನಿಗೆ ಬೇಡವಂತೆ, ಎರಡು ಚೀಲ ಹಿಂಡಿ ಕೊಟ್ಟರೆ ಸಾಕಂತೆ.

ಇದಾದರೂ ವ್ಯಾಪಾರ. ಸಾವಿನ ಮನೆಯನ್ನಾದರೂ ಬಿಡಬೇಡವೇ? ಮೊಳಕಾಲ್ಮೂರಿನಲ್ಲಿ ನಮ್ಮ ದೂರದ ನೆಂಟರ ಅಜ್ಜ ತೀರಿಕೊಂಡಾಗ ನಾವೆಲ್ಲ ಮಾತನಾಡಿಸಲು ಹೋಗಿದ್ದೆವು. ನಾವು ಏನು ಹೇಳಬೇಕೋ ತೋಚದೆ ಸೆರಗು, ಟವೆಲ್ಲು ಹಿಡಿದು ಕೂತಿದ್ದರೆ, ಮಾವ ಬಾಗಿಲಲ್ಲೇ ಕಂಬ ಹಿಡಿದು ನಿಂತು, “ಬೇರು ಕಿತ್ತ ಮೇಲೆ ನೆರಳನ್ನು ಎಲ್ಲಿ ಹುಡುಕಲಿ, ಯಾವ ದಿಕ್ಕಿಗೆ ಕೂಗಲಿ” ಎಂದು ಶುರು ಮಾಡಿದರು ನೋಡಿ. ಮನೆಯ ಮಂದಿ ಇರಲಿ, ಶಾಮಿಯಾನ ಕಟ್ಟಲು ಬಂದವರೂ ಅತ್ತರು. ಎಂಥ ಅಂತಃಕರಣ ಎಂದು ಊರೇ ಕೊಂಡಾಡಿತು. ಯುಗಾದಿಗೆ ಆ ಮನೆಯ ಅಜ್ಜಿಯನ್ನೂ ನಾಟಕಕ್ಕೆ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಮೂರನೆಯ ಅಂಕದಲ್ಲಿ ರಾಜನ ಮಗ ಸತ್ತ. ರಾಜ ಕಂಬ ಹಿಡಿದು, “ಬೇರು ಕಿತ್ತ ಮೇಲೆ ನೆರಳನ್ನು ಎಲ್ಲಿ ಹುಡುಕಲಿ” ಎಂದ. ನಮ್ಮ ಜೀವ ಬಾಯಿಗೆ ಬಂತು. ಅಜ್ಜಿ ಪಕ್ಕದವರನ್ನು ತಿವಿದು, ಎಲ್ಲರಿಗೂ ಕೇಳುವಂತೆ, “ನಮ್ಮನೇಲಿ ಇದಕ್ಕಿಂತ ಚೆನ್ನಾಗಿ ಅತ್ತಿದ್ದ” ಎಂದು ಹೆಮ್ಮೆಯಿಂದ ಹೇಳಿದರು.

ಮನೆಯಲ್ಲಿ ಮಾವನಿಗೆ ಎದುರು ಪಾತ್ರ ಅತ್ತೆಯೇ. ರೊಟ್ಟಿ ತಟ್ಟುತ್ತ, ಮೊಣಕಾಲ ಹತ್ತಿರ ನಾಟಕದ ಪುಸ್ತಕ ತೆರೆದಿಟ್ಟುಕೊಂಡು ಅವರು ರಾಣಿಯಾಗಿದ್ದಾರೆ, ಮಂತ್ರಿಯಾಗಿದ್ದಾರೆ, ಶತ್ರುರಾಜನಾಗಿ ಲಟ್ಟಣಿಗೆ ಬೀಸಿದ್ದಾರೆ. ಅತ್ತೆಯ ಮಾತಿನ ಕೊನೆ ಕಿವಿಗೆ ಬಿದ್ದರೆ ಮಾವನ ಮಾತು ಹೊರಗೆ ಬರುತ್ತದೆ. ಪುಸ್ತಕದಲ್ಲಿಲ್ಲದ್ದನ್ನು ಕೇಳಿದರೆ ಮಾತ್ರ ಕಲ್ಲಿಗೆ ನೀರೆರೆದಂತೆ. ಸಾರಿಗೆ ಉಪ್ಪು ಸಾಕಾ ಎಂದರೆ ಉತ್ತರವಿಲ್ಲ. ಕೊನೆಗೆ ಅತ್ತೆಯೇ ದಾರಿ ಕಂಡುಕೊಂಡರು.

“ಮಹಾಪ್ರಭು, ಅಡುಗೆಮನೆಯಲ್ಲಿ ಗ್ಯಾಸು ಮುಗಿದಿದೆ.”

“ಮಂತ್ರಿವರ್ಯ, ತಡವೇಕೆ? ಈಗಲೇ ತರಿಸುವಂಥವರಾಗಿ.”

“ಮಂತ್ರೀನೂ ನಾನೇ, ಹೊತ್ಕೊಂಬರೋಳೂ ನಾನೇ” ಎಂದು ಅತ್ತೆ ಗೊಣಗಿದ್ದು ಮಾವನಿಗೆ ಕೇಳಲಿಲ್ಲ. ಪುಸ್ತಕದಲ್ಲಿ ಇರಲಿಲ್ಲವಲ್ಲ.

ಹೋದ ವರ್ಷ ಕತ್ತಿವರಸೆಯ ದೃಶ್ಯದಲ್ಲಿ ಮಾವನಿಗೆ ದಮ್ಮು ಕಟ್ಟಿ, ಶತ್ರುರಾಜನ ಹೆಗಲನ್ನೇ ಆತುಕೊಂಡು ನಿಂತುಬಿಟ್ಟರು. ಜನ ಅದನ್ನು ಸಂಧಾನವೆಂದು ತಿಳಿದು ಚಪ್ಪಾಳೆ ತಟ್ಟಿದರು. ಆದರೆ ಹಾರ್ಮೋನಿಯಂ ನುಡಿಸುತ್ತ ನಾಟಕ ಕಲಿಸುವ ಮೇಷ್ಟ್ರ ಕಣ್ಣಿಗೆ ಮಣ್ಣೆರಚಲಾದೀತೆ? ಈ ಶಿವರಾತ್ರಿ ಕಳೆದು ಅವರು ಮಾವನ ಮನೆಗೇ ಬಂದು, ಚಹಾ ಕುಡಿದು, ಎರಡನೆಯ ಲೋಟವನ್ನೂ ಕುಡಿದು, ನೆಲ ನೋಡುತ್ತ ವಿಷಯ ತೆಗೆದರು.

“ಈ ಸಲ ಹಾಲಿನ ಡೇರಿ ಹುಡುಗ ರಾಜ ಆಗ್ಲಿ ಅಂತ ಅಂದ್ಕೊಂಡಿದೀವಿ ಗೌಡ್ರೆ. ನಿಮಗೂ ಒಳ್ಳೇ ಪಾತ್ರ ಐತೆ. ರಾಜ ನಾಲಿಗೆ ಕತ್ತರಿಸಿರ್ತಾನಲ್ಲ, ಆ ಮುದುಕಂದು.”

ಮಾವನಿಗೆ, ಮೂಕನ ಪಾತ್ರ. ಸಮುದ್ರವನ್ನು ತಂದು ಚೊಂಬಿಗೆ ಸುರಿ ಎಂದಂತೆ. ಮಾವ ಬಣ್ಣದ ಸಹವಾಸವನ್ನೇ ಬಿಟ್ಟಾರು ಎಂದು ನಾವು ಹೆದರಿದೆವು. ಅವರು ಸಂಜೆಯ ತನಕ ಗೋಡೆ ನೋಡಿದರು. ಆಮೇಲೆ ಪುಸ್ತಕ ತಂದರು. ಅತ್ತೆ ರೂಢಿಯಂತೆ ಹಿಟ್ಟು ನಾದುತ್ತ ಹಾಳೆ ತಿರುವಿ, “ನಿಮ್ಮ ಮಾತು ಎಲ್ಲೈತ್ರಿ? ಸಿಗವಲ್ದು” ಎಂದರು. “ಇಲ್ಲ. ಯುಗಾದಿ ತನಕ ನಾನು ಮೂಕ” ಎಂದ ಮಾವ ತುಟಿಯ ಮೇಲೆ ಬೆರಳಿಟ್ಟುಕೊಂಡರು. ಅದೇ ಕೊನೆ. ಪಾತ್ರ ಮೈಗೆ ಹತ್ತಲೆಂದು ಮನೆಯಲ್ಲೂ ಅಂಗಡಿಯಲ್ಲೂ ಬಾಯಿ ಬಂದ್.

ಅಂಗಡಿಗೆ ನಷ್ಟವಾಯಿತೆಂದುಕೊಂಡಿರಾ? ವ್ಯಾಪಾರ ಏರಿತು. ಮಾವ ಬೆರಳಲ್ಲಿ ರೇಟು ತೋರಿಸಿದರೆ ಗಿರಾಕಿಗಳು ಸುಮ್ಮನೆ ಕೊಟ್ಟು ಹೋಗತೊಡಗಿದರು. ಮೂಗನ ಜೊತೆ ಚೌಕಾಸಿ ಹೇಗೆ ಮಾಡುವುದು? ಫೋನಿನದ್ದೇ ಫಜೀತಿ. ಅತ್ತೆಯ ತವರು ರಾಂಪುರದಿಂದ ಅವರ ತಮ್ಮ ಫೋನು ಮಾಡಿದಾಗ ಮಾವ ಎತ್ತಿಕೊಂಡು ಬರೀ ಉಸಿರು ಬಿಟ್ಟರು. ಆ ಮನುಷ್ಯ ಭಾವನಿಗೆ ಎದೆನೋವೇ ಬಂತೆಂದು ಬಾಡಿಗೆ ಕಾರು ಮಾಡಿಕೊಂಡು ಓಡಿಬಂದ. ಬಂದು ನೋಡಿದರೆ ಭಾವ ಹೋಳಿಗೆ ತಿನ್ನುತ್ತ ಕೂತಿದ್ದಾರೆ, ಮಾತಿಲ್ಲ ಕಥೆಯಿಲ್ಲ.

ಮೊದಮೊದಲು ಅತ್ತೆ ಬೈದರು. ಬೈಗುಳ ಮುಗಿದ ಮೇಲೆ ಮನೆಯ ಸಮಾಚಾರ ಹೇಳಿದರು. ಅದೂ ಮುಗಿದ ಮೇಲೆ, ನಡುವೆ ತಡೆಯುವ ರಾಜನೇ ಇಲ್ಲವಲ್ಲ, ಮಾತು ತಾನೇ ಹಿಂದಕ್ಕೆ ಹಿಂದಕ್ಕೆ ಹರಿಯಿತು. ಒಂದು ಬೆಳಗ್ಗೆ ನಾನು ಹುಣಸೆಹಣ್ಣು ಕೊಡಲು ಹೋದಾಗ ಒಳಗಿಂದ ಅತ್ತೆಯ ದನಿ ಕೇಳಿಸಿತು. “ನಂಗೊಂದು ಕೆಂದ ಹಸ ಇತ್ರಿ. ನನ್ನ ಕೈ ಬಿಟ್ರೆ ಯಾರಿಗೂ ಹಾಲು ಬಿಡ್ತಿರಲಿಲ್ಲ. ಮದುವೆ ಆಗಿ ನಿಮ್ಮ ಲಾರಿ ಹತ್ತಿದೆನಲ್ಲ, ಹಗ್ಗ ಹರ್ಕೊಂಡು ಬಳ್ಳಾರಿ ರೋಡಿನ ತನಕ ಹಿಂದೇನೇ ಬಂತು. ಅಪ್ಪ ಪಂಚೆ ಎತ್ತಿ ಕಟ್ಕೊಂಡು ಅದ್ರ ಹಿಂದೆ ಓಡಿ ಬಂದ್ರು, ಆಮೇಲೆ...”

ಅಷ್ಟರಲ್ಲಿ ನಾನು ಒಳಗೆ ಕಾಲಿಟ್ಟೆ. ಮಾವ ಸ್ಟೂಲಿನ ಮೇಲೆ ಅಲುಗಾಡದೆ ಕೂತಿದ್ದರು. ಅತ್ತೆ ನಾಚಿಕೊಂಡಂತೆ ಹಿಟ್ಟಿನ ಕೈ ತೊಳೆಯಲು ಎದ್ದರು. “ಬಾರೇ. ನೋಡು, ಪಾತ್ರ ಮಾಡ್ತಿದಾರೆ. ಮೊದ್ಲು ರಾಜ ಆಗಿದ್ರು, ಈಗ ಕಂಬ ಆಗಿದಾರೆ. ಗೋಡೆಗೆ ಹೇಳೋದೂ ಒಂದೇ, ಇವರಿಗೆ ಹೇಳೋದೂ ಒಂದೇ” ಎಂದರು. ಹಸುವಿನ ವಿಚಾರ ಅಲ್ಲಿಗೇ ನಿಂತಿತು.

ಯುಗಾದಿ ಬಂತು. ನಾಟಕದ ಕೊನೆಯಲ್ಲಿ ರಾಜ ಮೂಕ ಮುದುಕನ ಎದುರು ಮಂಡಿಯೂರಿ ತನ್ನ ತಪ್ಪನ್ನೆಲ್ಲ ಒಪ್ಪಿಕೊಳ್ಳಬೇಕು. ಡೇರಿ ಹುಡುಗ ಮಂಡಿಯೂರಿದ. “ತಾತಾ...” ಎಂದ. ಮುಂದಿನ ಮಾತು ಹಾರಿಹೋಯಿತು. ಪರದೆಯ ಮರೆಯಲ್ಲಿ ಮಾತು ಎತ್ತಿಕೊಡುವವನಿಗೆ ಹಾಳೆ ತಪ್ಪಿತ್ತು. ಹಿಂದೆ ಇದೇ ನಾಟಕದಲ್ಲಿ ರಾಜನಾಗಿ ಆ ಮಾತನ್ನು ಎಷ್ಟೋ ಸಲ ಆಡಿದ ಮನುಷ್ಯ ಎದುರಿಗೇ ಇದ್ದಾನೆ, ತುಟಿ ಅಲುಗಿಸಿದರೆ ಸಾಕು. ಮುಂದಿನ ಸಾಲಿನಿಂದ ಯಾರೋ “ಹೇಳ್ರಿ ಗೌಡ್ರೆ, ನಿಮಗೆ ಗೊತ್ತೈತಲ್ಲ” ಎಂದು ಕೂಗಿಯೂಬಿಟ್ಟರು. ಮಾವ ಹೇಳಲಿಲ್ಲ. ಆ ಹುಡುಗನ ಮುಖಕ್ಕೆ ಮುಖ ಕೊಟ್ಟು, ಅವನು ಏನು ಹೇಳಿದರೂ ಕೇಳುತ್ತೇನೆಂಬಂತೆ, ಅವಸರವಿಲ್ಲದೆ ಕಾದರು. ಎಷ್ಟು ಹೊತ್ತೋ. ಕೊನೆಗೆ ಹುಡುಗನಿಗೆ ಮಾತು ಬಂತು, ಅಳುವೂ ಬಂತು. ಮಾವ ರಾಜನಾಗಿದ್ದಾಗಲೂ ಅಂಥ ಚಪ್ಪಾಳೆ ಬಿದ್ದದ್ದನ್ನು ನಾನು ಕಾಣೆ.

ಬೆಳಗಾದ ಮೇಲೆ ಚಳ್ಳಕೆರೆಯ ಮನೆಯ ಹಿತ್ತಲಲ್ಲಿ ಅತ್ತೆ ಕೊಬ್ಬರಿ ಎಣ್ಣೆ ಹಚ್ಚಿ ಮಾವನ ಮುಖದ ಬಣ್ಣ ತೆಗೆಯುತ್ತಿದ್ದರು. ನಾನು ಚಹಾ ತಂದೆ. ಈಗ ಬಾಯಿ ಬಿಚ್ಚಬಹುದಲ್ಲ, ಮೊದಲ ಮಾತು ಏನಿದ್ದೀತು? ಪಾತ್ರ ಹೆಂಗಿತ್ತು ಎಂದೇ ಕೇಳುತ್ತಾರೆ ಎಂದು ನಾನಂದುಕೊಂಡೆ. ಅತ್ತೆಯೂ ಉತ್ತರ ಸಿದ್ಧ ಮಾಡಿಕೊಂಡೇ ಇದ್ದರೆಂದು ತೋರುತ್ತದೆ. ಮಾವ ಕೆಮ್ಮಿದರು. ತಿಂಗಳಿಂದ ಬಳಸದ ದನಿ ತುಕ್ಕು ಹಿಡಿದಂತಿತ್ತು.

“ಆಮೇಲೆ ಆ ಹಸ ಏನಾತು?”

“ಯಾವ ಹಸ ರೀ?”

“ನಿನ್ನ ಕೆಂದ ಹಸ. ನಿಮ್ಮಪ್ಪ ಪಂಚೆ ಎತ್ತಿ ಕಟ್ಕೊಂಡು ಓಡಿ ಬಂದ್ರು ಅಂದೆ. ಅಷ್ಟರಾಗೆ ಇವಳು ಬಂದ್ಲು, ನೀನು ಎದ್ದುಹೋದೆ.”

ಎಣ್ಣೆಯ ಕೈ ಮಾವನ ಕೆನ್ನೆಯ ಮೇಲೆ ಹಾಗೇ ನಿಂತಿತು. ಅತ್ತೆ ಬಟ್ಟೆಯ ತುದಿಯಿಂದ ಮಾವನ ಮುಖ ಒರೆಸುವುದು ಬಿಟ್ಟು ತಮ್ಮ ಕಣ್ಣು ಒರೆಸಿಕೊಂಡರು. ಕಣ್ಣ ಸುತ್ತ ಮುದುಕನ ಬಿಳಿ ಬಣ್ಣ ಮೆತ್ತಿಕೊಂಡಿತು.

“ಅದು ಉದ್ದನೇ ಕಥೆ ಕಣ್ರಿ.”

ಮಾವ ಅರ್ಧ ಬಣ್ಣದ ಮುಖದಲ್ಲೇ ಸ್ಟೂಲನ್ನು ಅವರ ಹತ್ತಿರಕ್ಕೆ ಎಳೆದುಕೊಂಡರು.

“ಇರ್ಲಿ ಬಿಡು. ಹೇಳು.”