ಆರು ಆಳು ಕೇಳಿದ ಮೇಸ್ತ್ರಿ

ಮೇಸ್ತ್ರಿಗೆ ಆರು ಜನ ಆಳಿನ ಕೊರತೆಯಿತ್ತು. ಬೇರೆ ಯಾವುದಕ್ಕೂ ಕೊರತೆಯಿರಲಿಲ್ಲ. ಸೆಂಟ್ರಿಂಗ್ ಹಲಗೆ ಬಿಗಿದಾಗಿತ್ತು, ಕಬ್ಬಿಣ ಕಟ್ಟಿಯಾಗಿತ್ತು, ಮೇಲಿನವರ ಬೈಗುಳವೂ ಹೊತ್ತುಹೊತ್ತಿಗೆ ಬರುತ್ತಿತ್ತು.

ಮೂರನೇ ಮಹಡಿಯ ಸ್ಲ್ಯಾಬನ್ನು ಇವತ್ತು ಒಂದೇ ಉಸಿರಿಗೆ ಹಾಕಿ ಮುಗಿಸಬೇಕು. ನಡುವೆ ನಿಂತರೆ ಹಾಕಿದ ಕಾಂಕ್ರೀಟು ಗಟ್ಟಿಯಾಗಿ ಹೊಸದರ ಜೊತೆ ಬೆರೆಯುವುದಿಲ್ಲ. ಆ ಸಂದಿಯಲ್ಲಿ ನೀರು ಸೋರುತ್ತದೆ. ಎರಡನೇ ಮಹಡಿಯದು ಹಾಗೇ ಆಗಿತ್ತು. ಇನ್ನೊಂದು ಸೋರಿದರೆ ಮೇಸ್ತ್ರಿಗಿರಿ ಹೋಯಿತೆಂದು ಇಂಜಿನಿಯರು ಹೇಳಿಟ್ಟಿದ್ದರು. ಹದಿನಾರು ಜನ ಬೇಕಾದ ಕಡೆ ಹತ್ತೇ ಜನ. ಆಳು ಕಳಿಸಿ ಎಂದು ಆಫೀಸಿಗೆ ಫೋನು ಮಾಡಿ ಮಾಡಿ ಅವನ ಗಂಟಲು ಒಣಗಿತ್ತು.

ಬೆಳಿಗ್ಗೆ ಗೇಟಿನ ಮುಂದೆ ಕಾರು ನಿಂತಾಗ ಮೇಸ್ತ್ರಿ ಬಿದ್ದನೋ ಎದ್ದನೋ ಎಂದು ಓಡಿದ. ಇಳಿದದ್ದು ಒಬ್ಬರೇ. ತಲೆಯ ಮೇಲೆ ಆಗತಾನೇ ಇಟ್ಟ ಮೊಟ್ಟೆಯಂಥ ಹೆಲ್ಮೆಟ್ಟು.

"ಆಳುಗಳೆಲ್ಲಿ ಸರ್?"

"ಆಳು ಕಳ್ಸೋಕೆ ಮುಂಚೆ ಯಾಕೆ ಸಾಲ್ತಿಲ್ಲ ಅಂತ ನೋಡ್ಬೇಕಲ್ರೀ ಮೇಸ್ತ್ರಿ. ನಾನು ಪ್ಲಾನಿಂಗ್ ಆಫೀಸರ್."

"ಆಳೇ ಇಲ್ಲ, ಅದಕ್ಕೇ ಸಾಲ್ತಿಲ್ಲ ಸರ್."

"ಅದು ಕಾರಣ ಅಲ್ಲ, ದೂರು."

ಸಾಹೇಬರು ಕೆಳಗಿನ ಅಂಗಳದಲ್ಲಿ ಸಭೆ ಸೇರಿಸಿದರು. ಚಿತ್ರ ತೋರಿಸಲು ಬಿಳಿ ಬಟ್ಟೆ ಬೇಕಾಯಿತು. ಅದನ್ನು ಹಿಡಿದು ನಿಲ್ಲಲು ಇಬ್ಬರು ಬೇಕಾದರು. ಕಂಪ್ಯೂಟರಿಗೆ ಬಿಸಿಲು ತಾಗದಂತೆ ಕೊಡೆ ಹಿಡಿಯಲು ಒಬ್ಬ. ಪ್ರಶ್ನೆಗಳಿಗೆ ಉತ್ತರ ಹೇಳಲು ಮೂವರು.

"ಸರ್, ಇರೋರನ್ನೂ ತಗೊಂಡ್ರೆ ಸ್ಲ್ಯಾಬು ಯಾರು ಹಾಕೋದು?"

"ಐದೇ ನಿಮಿಷ ಕಣ್ರೀ. ಇದೆಲ್ಲ ನಿಮಗೋಸ್ಕರಾನೇ ಅಲ್ವಾ?"

ಅಷ್ಟರಲ್ಲಿ ಮಿಕ್ಸರ್ ಲಾರಿ ಬಂತು. ಉಳಿದ ನಾಲ್ವರನ್ನು ಕಟ್ಟಿಕೊಂಡು ಮೇಸ್ತ್ರಿ ಮೇಲೆ ಹತ್ತಿದ. ಪೈಪು ಕಾಂಕ್ರೀಟು ಕಕ್ಕುತ್ತಿತ್ತು, ಎಳೆದು ಹರಡುವವರಿರಲಿಲ್ಲ. ಮೇಸ್ತ್ರಿ ಬೈಯುತ್ತಲೇ ತಾನೇ ಒಂದು ಸಲಿಕೆ ಹಿಡಿದ.

"ಬೇಗ ಎಳೀರಯ್ಯಾ!" ಲಾರಿ ಡ್ರೈವರು ಕೆಳಗಿನಿಂದ ಕೂಗಿದ. "ಡ್ರಮ್ಮಲ್ಲಿರೋದು ಕಾಂಕ್ರೀಟು, ಬ್ಯಾಂಕಲ್ಲಿಟ್ಟ ದುಡ್ಡಲ್ಲ, ಇಟ್ಟಷ್ಟೂ ಬೆಳೆಯೋಕೆ!"

ಅಂಗಳದಲ್ಲಿ ಸಾಹೇಬರು ಬಾಂಡ್ಲಿ ಹೊರುವ ಅಕ್ಕನನ್ನು ಕೇಳುತ್ತಿದ್ದರು: "ನಿಮ್ಮ ಟೈಮು ಹೇಗಮ್ಮಾ ವೇಸ್ಟಾಗುತ್ತೆ?"

"ಹೀಗೇ ಸರ್, ನಿಮ್ಮ ಮುಂದೆ ಕೂತು."

ಬಟ್ಟೆ ಹಿಡಿದವರು ನಕ್ಕರು. ಚಿತ್ರ ಅಲುಗಾಡಿತು. ಅಲುಗಾಡಿಸಬಾರದೆಂದು ಹೇಳಿ ಸಾಹೇಬರು ಮತ್ತೆ ಮೊದಲಿನಿಂದ ಶುರು ಮಾಡಿದರು.

ಮಧ್ಯಾಹ್ನದ ಹೊತ್ತಿಗೆ ಅರ್ಧ ಸ್ಲ್ಯಾಬು ಬಿದ್ದಿತ್ತು. ಉಳಿದದ್ದು ಡ್ರಮ್ಮಿನಲ್ಲೇ ಬಿಗಿಯತೊಡಗಿತು. ಲಾರಿಯವನು ಮೇಸ್ತ್ರಿಯ ಹಿಂದಿನವರನ್ನೂ ಮುಂದಿನವರನ್ನೂ ಸೇರಿಸಿ ಬೈದು, ಅದನ್ನು ಹಿತ್ತಲ ಗುಂಡಿಗೆ ಸುರಿದು ಹೋದ. ಮೇಸ್ತ್ರಿ ಸಲಿಕೆ ಹಿಡಿದುಕೊಂಡೇ ಕೆಳಗಿಳಿದ. ಸಿಮೆಂಟಿನಲ್ಲಿ ಮಿಂದ ಅವನನ್ನು ಹೆಂಡತಿ ಕಂಡಿದ್ದರೂ ಗುರುತಿಸುತ್ತಿರಲಿಲ್ಲ.

"ಬನ್ನಿ ಬನ್ನಿ, ಲೆಕ್ಕ ಮುಗೀತು," ಎಂದರು ಸಾಹೇಬರು. "ನಿಮ್ಮಲ್ಲಿ ಆಳು ಕಡಿಮೆ ಇಲ್ಲ, ಜಾಸ್ತಿ. ಬೆಳಿಗ್ಗೆಯಿಂದ ಆರು ಜನ ಕೆಲಸ ಮಾಡದೆ ಇಲ್ಲೇ ಇದ್ದಿದ್ದನ್ನ ಕಣ್ಣಾರೆ ನೋಡ್ದೆ. ನಾಳೆಯಿಂದ ಅವರು ಬೇರೆ ಸೈಟಿಗೆ."

"ಹಿಡ್ಕೊಂಡು ಕೂತಿದ್ದು ನೀವೇ ಅಲ್ವಾ ಸರ್!" ಮೇಸ್ತ್ರಿಯ ದನಿ ಬೀದಿಗೆ ಕೇಳಿಸಿತು. "ಹೊಟ್ಟೆಗೇನು ತಿಂತೀರಿ? ನಾನು ಆರು ಜನ ಕೇಳಿದ್ದೆ, ಒಬ್ಬನಾದ್ರೂ ಕೊಟ್ರಾ?"

"ಕೊಟ್ಟಿದೀನಲ್ರೀ. ಒಬ್ಬ ಮಂಜೂರು. ಒಳ್ಳೇ ಆಳು. ನಡುವೆ ಒಂದ್ಸಲ ಮೇಲೆ ಬಂದು ನೋಡಿದೆ, ತಲೆ ಎತ್ತದೆ ದುಡೀತಿದ್ದ."

"ಎಲ್ಲಿದಾನೆ?" ಮೇಸ್ತ್ರಿ ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಗೋಡೆಯಿತ್ತು. ಮತ್ತೆ ಇತ್ತ ತಿರುಗಿದಾಗ ಸಾಹೇಬರ ಕಣ್ಣು ಅವನ ಕೈಯಲ್ಲಿದ್ದ ಸಲಿಕೆಯ ಮೇಲಿತ್ತು.

"ನಾನಾ? ಮತ್ತೆ ಮೇಸ್ತ್ರಿ ಕೆಲಸ ಯಾರು ಮಾಡ್ತಾರೆ?"

"ನೀವು ಸಲಿಕೆ ಹಿಡಿದಾಗ ಯಾರು ಮಾಡಿದ್ರು? ಯಾರೂ ಇಲ್ಲ. ಆದ್ರೂ ಅರ್ಧ ಸ್ಲ್ಯಾಬಾಯ್ತಲ್ಲ!" ಸಾಹೇಬರು ಹೆಲ್ಮೆಟ್ಟು ತೆಗೆದು ಕಾರು ಹತ್ತಿದರು.

ಅಂದು ಹೋದದ್ದು ಆರು ಆಳು, ಅರ್ಧ ಸ್ಲ್ಯಾಬು, ಒಬ್ಬ ಮೇಸ್ತ್ರಿ.